ಗುಲಾಬಿಗೆ ಹಿಡಿದ ಕೊಡೆ

ದೊಡ್ಡ ಸಾಹೇಬರು ಉದ್ಯಾನದ ಗುಲಾಬಿ ನೋಡಲು ಬರುವ ದಿನವೇ ಮೋಡ ಕವಿಯಿತು. ಮೇಲ್ವಿಚಾರಕ ಮೈಮೇಲೆ ದೆವ್ವ ಬಂದವನಂತೆ ಓಡಾಡಿ, ಮೊದಲ ಹನಿ ಬೀಳುವ ಮುಂಚೆಯೇ ಕಚೇರಿಯ ಕೊಡೆಗಳನ್ನೆಲ್ಲ ತಂದು ಮಾಲಿಗಳ ಕೈಗೆ ತುರುಕಿದ.

“ಕೊಡೆ ನಿಮಗಲ್ಲ, ಗಿಡಕ್ಕೆ! ಒಂದು ಎಸಳು ಉದುರಿದ್ರೂ ಚರ್ಮ ಸುಲೀತೀನಿ.”

ಮುದುಕ ಮಾಲಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ಮಳೆ ಬಿಸಿಲು ತಿಂದು ಬೆಳೆದ ಗಿಡಕ್ಕೆ ಇವತ್ತು ನೆಗಡಿಯಾಗುತ್ತದಂತೆ! ಎರಡು ಕೈಯಲ್ಲಿ ಎರಡು ಕೊಡೆ ಹಿಡಿದು, ಮೂಗಿನಿಂದ ಇಳಿಯುವ ನೀರನ್ನೂ ಒರೆಸಿಕೊಳ್ಳಲಾಗದೆ, ಧೋ ಎಂದು ಸುರಿಯುವ ಮಳೆಯಲ್ಲಿ ಎರಡು ಗಂಟೆ ನಿಂತ.

ಕೊನೆಗೂ ಕಾರು ಬಂತು. ಸಾಹೇಬರು ಇಳಿಯಲಿಲ್ಲ. ಕಿಟಕಿಯ ಗಾಜನ್ನು ನಾಲ್ಕು ಬೆರಳಷ್ಟು ಇಳಿಸಿ, ಹೂವಿನತ್ತ ಕಣ್ಣೂ ಹಾಯಿಸದೆ ಗಿಡದ ಬುಡ ನೋಡಿದರು.

“ಏನ್ರೀ ಇದು, ಮಣ್ಣು ಒಣಗಿ ಧೂಳಾಗಿದೆ? ಇವನು ನೀರೇ ಹಾಕಲ್ವಾ?”

“ಶುದ್ಧ ಸೋಮಾರಿ ಸಾರ್. ಎಷ್ಟು ಹೇಳಿದ್ರೂ ಕಿವಿಗೆ ಹಾಕ್ಕೊಳ್ಳಲ್ಲ,” ಎಂದ ಮೇಲ್ವಿಚಾರಕ.

ಮಾಲಿ ಎರಡೂ ಕೊಡೆಗಳನ್ನು ಮಡಚಿ ಮೇಲ್ವಿಚಾರಕನ ಕೈಗಿಟ್ಟ. ತಲೆಯ ಟೋಪಿ ತೆಗೆದು, ಸಾಹೇಬರ ಕಣ್ಣೆದುರೇ ಗಿಡದ ಬುಡಕ್ಕೆ ಹಿಂಡಿದ.

“ಇಷ್ಟು ಸಾಕಾ ಸಾರ್? ಇಲ್ಲಾ ಅಂಗಿನೂ ಹಿಂಡ್ಲಾ?”