ಹನ್ನೊಂದು ಲೋಟ

"ಲೇ ಹನುಮಕ್ಕ, ನಿನ್ ಮೊಮ್ಮಗಳ ತಲೇಲಿರೋದು ಹೇನೊಂದೇ ಕಣೆ. ಗಣಿತದಲ್ಲಿ ಹದಿನೆಂಟು. ಹದಿನೆಂಟು ಮಾರ್ಕ್ಸ್ ಇಟ್ಕೊಂಡು ನನ್ ಸ್ಕೂಲಿಗೆ ಮಸಿ ಬಳಿಯಕ್ಕೆ ಬಂದವಳೆ, ಬೇವರ್ಸಿ ಮುಂಡೇದು."

ಶಾಲೆಯ ಸೆಕ್ರೆಟರಿ ಮುನಿವೆಂಕಟಪ್ಪಗೌಡರು ಹೀಗೆ ಬೈಯುವಾಗ ಗಂಗಹನುಮಕ್ಕ ಅವರ ಕುರ್ಚಿಯ ಬುಡದಲ್ಲೇ ಕುಕ್ಕರಗಾಲಲ್ಲಿ ಕೂತು ನೆಲ ಒರೆಸುತ್ತಿದ್ದಳು. ಅವರು ಕಾಲು ಎತ್ತಲಿಲ್ಲ. ಅವಳು ಒದ್ದೆಬಟ್ಟೆಯನ್ನು ಬೂಟಿನ ಸುತ್ತ ತಿರುಗಿಸಿ ಮುಂದಕ್ಕೆ ಸರಿದಳು.

"ಅದು ಪ್ರಿಪರೇಟ್ರಿ ಅಂತೆ ಗೌಡ್ರೆ. ದೊಡ್ ಪರೀಕ್ಷೆ ಇನ್ನೂ ಬಂದಿಲ್ವಲ್ಲ."

"ಅವಳಿಗೆ ಬರದೂ ಇಲ್ಲ. ಮೇಡಂ, ಹೇಳಿ ಇವಳ್ಗೆ."

ಹೆಡ್‌ಮೇಡಂ ಜಗದಾಂಬಾ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಹೇಳಿದರು. "ಅನೂಗೆ ಹಾಜರಿ ಕಮ್ಮಿ ಹನುಮಕ್ಕ. ನೂರಕ್ಕೆ ಎಪ್ಪತ್ತೈದು ಇರ್ಬೇಕು, ಅವಳದು ಐವತ್ತೆಂಟು. ಹಾಲ್ ಟಿಕೆಟ್ ಬಂದಿಲ್ಲ. ಮುಂದಿನ ವರ್ಷ ಪ್ರೈವೇಟಾಗಿ ಕಟ್ಕೊಳ್ಲಿ ಬಿಡಿ."

ಹನುಮಕ್ಕನ ಕೈ ನಿಂತಿತು. "ಒಂದಿನಾನೂ ತಪ್ಸಿಲ್ಲ ಮೇಡಂ. ನಂಜೊತೇಲೆ ಬರ್ತಾಳೆ, ನಂಜೊತೇಲೆ ಹೋಗ್ತಾಳೆ. ಜ್ವರ ಬಂದಾಗ್ಲೂ ಕೊನೇ ಬೆಂಚಲ್ಲಿ ಮಲಗಿದ್ಲು, ನೀವೇ ನೋಡಿದ್ರಿ."

"ನಾನು ನೋಡಿದ್ದಲ್ಲ, ರಿಜಿಸ್ಟರ್ ಹೇಳ್ಬೇಕು."

"ಬಕೀಟು ತಗೊಂಡು ನಡಿಯೇ," ಅಂದರು ಗೌಡರು. "ಜಾಸ್ತಿ ಮಾತಾಡಿದ್ರೆ ನಾಳೆಯಿಂದ ನಿಂಗೂ ಹಾಜರಿ ಇರಲ್ಲ."

ಅವಳು ಬಕೀಟು ಎತ್ತಿಕೊಂಡು ಹೊರಟಳು.

ಹೋದ ವರ್ಷ ಪರೀಕ್ಷೆ ಕೋಣೆಗಳಿಗೆ ಕ್ಯಾಮೆರಾ ಬಂದವು. ಮೇಷ್ಟ್ರುಗಳು ಬಾಗಿಲಲ್ಲಿ ನಿಂತು ಉತ್ತರ ಹೇಳಿಕೊಡುವುದು ನಿಂತಿತು. ತೊಂಬತ್ತೆಂಟು ಇದ್ದ ಫಲಿತಾಂಶ ಅರವತ್ತಕ್ಕೆ ಜಾರಿತು. ಅದಕ್ಕೇ ಈ ಸಲದ ಫ್ಲೆಕ್ಸನ್ನು ಗೌಡರು ಮೊದಲೇ ಮಾಡಿಸಿಬಿಟ್ಟಿದ್ದರು. ಮಾಗಡಿ ರಸ್ತೆಯ ತಿರುವಿನಲ್ಲಿ ಕಟ್ಟುವುದು, ಎರಡಾಳುದ್ದದ್ದು. ಸ್ಟೋರ್ ರೂಮಿನಲ್ಲಿ ಸುತ್ತಿಟ್ಟಿದ್ದ ಅದರ ದೂಳನ್ನು ಹನುಮಕ್ಕನೇ ದಿನಾ ಹೊಡೆಯುತ್ತಿದ್ದಳು. ಅಕ್ಷರ ಗೊತ್ತಿಲ್ಲದಿದ್ದರೂ ಒಂದರ ಪಕ್ಕ ಎರಡು ಸೊನ್ನೆ ಅಂದರೆ ಏನು ಅಂತ ಅವಳಿಗೆ ಗೊತ್ತು. ಪರೀಕ್ಷೆಗೆ ಇನ್ನೂ ಹದಿನೆಂಟು ದಿನ ಇತ್ತು.

ಅಂಕಿ ಕಲಿತದ್ದು ಒಂದನೇ ಕ್ಲಾಸಲ್ಲಿ. ಅವಳು ಓದಿದ್ದೇ ಅಷ್ಟು. ಈ ಶ್ರೀಗಂಧದ ಕಾವಲಿನಲ್ಲಿ ಆಗ ಬಡಾವಣೆ ಇರಲಿಲ್ಲ, ಈ ಶಾಲೆ ನಿಂತಿರುವುದೇ ಗೌಡರ ರಾಗಿ ಹೊಲದ ಮೇಲೆ. ಗೌಡರ ಅಪ್ಪ ಒಂದು ದಿನ ಊರ ಸ್ಕೂಲಿನ ಬಾಗಿಲಿಗೆ ಬಂದು, ಒಳಗೆ ಬರೆಯುತ್ತ ಕೂತಿದ್ದ ಅವಳ ಜಡೆ ಹಿಡಿದು ಹೊರಗೆಳೆದಿದ್ದ. "ಹೊಲಗೇರಿ ಮಕ್ಳೆಲ್ಲ ಇಲ್ಲಿ ಕೂತ್ರೆ ನನ್ ಹಟ್ಟಿ ಸಗಣಿ ನಿಮ್ಮಪ್ಪ ಬಾಚ್ತಾನೇನೆ?" ಸ್ಲೇಟು ಒಳಗೇ ಉಳಿಯಿತು. ಅದರ ಮೇಲೆ ಆರೋ ಏಳೋ ಬರೆದಿತ್ತು. ಅರವತ್ತು ವರ್ಷವಾದರೂ ಅದು ಆರೋ ಏಳೋ ಅಂತ ಅವಳು ಒಮ್ಮೊಮ್ಮೆ ಯೋಚಿಸುವುದುಂಟು.

ಸಂಜೆ ಮನೆಗೆ ನಡೆಯುವಾಗ ಅನು ಬ್ಯಾಗನ್ನು ಎದೆಗೆ ಒತ್ತಿಕೊಂಡಿದ್ದಳು. ಗೌಡರ ಬೈಗುಳ ಅವಳ ಕ್ಲಾಸಿನವರೆಗೂ ಕೇಳಿಸಿತ್ತು.

"ಅಮ್ಮಂಗೆ ಹೇಳ್ಬೇಡ ಅಜ್ಜಿ."

"ಹೇಳ್ದೆ ಇರಕ್ಕಾಯ್ತದಾ?"

"ಹೇಳಿದ್ರೆ ನಾಳೇನೇ ಗಾರ್ಮೆಂಟ್ಸ್‌ಗೆ ಕರ್ಕೊಂಡೋಗ್ತಾಳೆ. ಸೂಪರ್‌ವೈಸರ್ ಹತ್ರ ಆಗ್ಲೇ ಮಾತಾಡಿಟ್ಟವಳೆ. ಫೇಲಾದ್ರೆ ಕಳ್ಸು, ಬರಿಯಕ್ಕೇ ಬಿಡ್ದೆ ಕಳಿಸ್ತೀರಾ?" ಅನು ನಿಂತುಬಿಟ್ಟಳು. "ಈಗ ನಂಗೆ ಲೆಕ್ಕ ಬರ್ತದೆ ಅಜ್ಜಿ. ಆ ಗೌಡನ್ನ ಕರಿ, ಅವ್ನೂ ಬರೀಲಿ, ನಾನೂ ಬರೀತೀನಿ. ಯಾರ್ ತಲೇಲಿ ಹೇನಿದೆ ನೋಡಾನ."

ಹನುಮಕ್ಕ ನಗಲಿಲ್ಲ. ಆ ಫ್ಯಾಕ್ಟರಿ ಗೇಟಿನೊಳಗೆ ಹೋದ ಹೆಣ್ಣುಮಕ್ಕಳನ್ನು ಅವಳು ಎಷ್ಟೋ ಕಂಡಿದ್ದಳು. ತಿರುಗಿ ಪುಸ್ತಕ ಹಿಡಿದವರನ್ನು ಒಬ್ಬರನ್ನೂ ಕಂಡಿರಲಿಲ್ಲ.

ಮಾರನೆಯ ದಿನ ಅವಳು ನಲ್ಲಿಯ ಹತ್ತಿರ ಹಾಲಿನ ಲೋಟ ತೊಳೆಯುತ್ತಿದ್ದಳು. ಅನುದಾನಿತ ಶಾಲೆಯಾದ್ದರಿಂದ ಅಲ್ಲಿಗೂ ಬರುತ್ತಿದ್ದ ಸರ್ಕಾರದ ಹಾಲಿನ ಪುಡಿಯನ್ನು ವಾರಕ್ಕೆ ಐದು ದಿನ ಕಲಸಿ, ಕಾಯಿಸಿ, ಮಕ್ಕಳಿಗೆ ಕೊಡುವುದು ಅವಳದೇ ಕೆಲಸ. ಆ ಹಾಲು ಮಕ್ಕಳಿಗೆ ಮಾತ್ರ. ಗೌಡರಿಗೆ ಟೀ ಹೊರಗಿನ ಹೋಟ್ಲಿಂದ ಬರುತ್ತಿತ್ತು. ಕೈ ತೊಳೆಯಲು ಬಂದ ಗಣಿತದ ಶ್ರೀಶೈಲ ಮೇಷ್ಟ್ರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. ಅವರು ಬಿಜಾಪುರದ ಕಡೆಯವರು.

"ಅನು ಒಬ್ಬಾಕಿನೇ ಅಲ್ರೀ ಯಮ್ಮ. ಹನ್ನೊಂದು ಮಕ್ಕಳ ಹೆಸರು ತಗದಾರ. ಫೇಲ್ ಆಗೂ ಹುಡುಗ್ರನ್ನೆಲ್ಲ ಗೈರುಹಾಜರಿ ಮಾಡಿ ನನ್ನ ಕಡಿಂದನ ಬರಸಿದ್ರು."

"ನೀವ್ ಬರದ್ರಾ?"

"ನನ್ನ ನೌಕರಿ ಇನ್ನೂ ಕಾಯಂ ಆಗಿಲ್ರಿ."

ಹನುಮಕ್ಕ ಕೈಯಲ್ಲಿದ್ದ ಲೋಟವನ್ನು ನೋಡಿದಳು. "ನಾನ್ ಹತ್ನೇ ಕ್ಲಾಸ್ಗೆ ದಿನಾ ಅರವತ್ತೆರಡು ಲೋಟ ಕೊಡ್ತೀನಿ. ಇಲ್ದಿದ್ದ ಮಕ್ಳಿಗೆ ಹಾಲು ಹೆಂಗ್ ಕೊಟ್ಟೆ ಮೇಷ್ಟ್ರೆ?"

ಮೇಷ್ಟ್ರು ನಲ್ಲಿ ನಿಲ್ಲಿಸಿದರು. "ಹಾಲಿನ ಪುಸ್ತಕ ಎಲ್ಲೈತಿ?"

"ಅಡಿಗೆ ಮನೇಲಿ, ಪುಡಿ ಡಬ್ಬದ ಮೇಲೆ. ಎಷ್ಟು ಲೋಟ ಅಂತ ದಿನಾ ನಾನು ಹೇಳ್ತೀನಿ, ಮೇಡಮ್ಮೋರು ಬರ್ದು ಸೈನ್ ಹಾಕ್ತಾರೆ."

ಮೇಷ್ಟ್ರು ಅಡಿಗೆಮನೆಯ ಕಡೆ ತಿರುಗಿ ನೋಡಿದರು. ಹಾಜರಿ ತಿದ್ದಿದವರು ಹಾಲು ತಿದ್ದಲು ಮರೆತಿದ್ದರು. ಅಡಿಗೆಮನೆಯ ಪುಸ್ತಕ ಯಾರ ತಲೆಗೂ ಹೊಳೆದಿರಲಿಲ್ಲ.

"ಶುಕ್ರವಾರ ಹಾಲ್ ಟಿಕೆಟ್ ಪೂಜೆಗೆ ಇಲಾಖೆ ಸಾಹೇಬರು ಬರ್ತಾರ. ಅವರು ಮನಸ್ಸು ಮಾಡಿದ್ರ ಇನ್ನೂ ತಿದ್ದಬೋದು," ಅಂದರು. "ನಾ ಹೇಳೀನಿ ಅನಬ್ಯಾಡ್ರಿ ಮತ್ತ."

"ನೀವೇನ್ ಹೇಳಿದ್ರಿ? ಕೈ ತೊಳ್ಕೊಂಡ್ರಿ, ಅಷ್ಟೆ."

ಗುರುವಾರ ಸಂಜೆ ಅವಳು ಮೂಡಲಪಾಳ್ಯದಿಂದ ಬ್ಯಾಡರಹಳ್ಳಿವರೆಗೆ, ಹೆಸರು ತೆಗೆಸಿಕೊಂಡ ಉಳಿದ ಹತ್ತು ಮಕ್ಕಳ ಮನೆ ಸುತ್ತಿದಳು. ಗಾರೆ ಕೆಲಸದವರು, ಪೌರಕಾರ್ಮಿಕರು, ಒಬ್ಬ ಆಟೋದವನು. ಎಲ್ಲ ಮನೆಯಲ್ಲೂ ಮಕ್ಕಳಿಗೆ ನಾಳೆ ಬರಬೇಡಿ ಅಂತ ಶಾಲೆಯವರು ಹೇಳಿಕಳಿಸಿದ್ದರು. ಅವಳು ಬನ್ನಿ ಅಂದಳು, ಯೂನಿಫಾರಂ ಹಾಕಿಕೊಂಡು ಬನ್ನಿ ಅಂದಳು.

ಶುಕ್ರವಾರ ಅಂಗಳದಲ್ಲಿ ಶಾಮಿಯಾನ. ಸರಸ್ವತಿಯ ಪಟಕ್ಕೆ ಸೇವಂತಿಗೆ ಹಾರ, ಅದರ ಪಾದದ ಬಳಿ ಹಾಲ್ ಟಿಕೆಟ್ಟಿನ ಕಂತೆ. ಐವತ್ತೊಂದು ಮಕ್ಕಳು ಚಾಪೆಯ ಮೇಲೆ ಕೂತಿದ್ದರು. ಪುರೋಹಿತರು ಕಂತೆಗೆ ಅಕ್ಷತೆ ಹಾಕಿದರು. ಗೌಡರು ಮೈಕು ಹಿಡಿದು, "ನಮ್ ಸ್ಕೂಲಲ್ಲಿ ಈ ಸಲ ನೂರಕ್ಕೆ ನೂರು ಸಾರ್, ಒಂದು ಮಗೂನೂ ಕೈ ಬಿಡೋರಲ್ಲ ನಾವು," ಅನ್ನುತ್ತಿದ್ದರು.

ಹನುಮಕ್ಕ ದೊಡ್ಡ ತಟ್ಟೆ ಹೊತ್ತು ಬಂದಳು. ಅದರಲ್ಲಿ ಹನ್ನೊಂದು ಲೋಟ ಬಿಸಿ ಹಾಲು, ಕಂಕುಳಲ್ಲಿ ಪುಸ್ತಕ. ಅವಳ ಹಿಂದೆ ಹನ್ನೊಂದು ಮಕ್ಕಳು ಸಾಲಾಗಿ ಬಂದರು. ಅವಳು ತಟ್ಟೆಯನ್ನು ಸಾಹೇಬರ ಮುಂದಿನ ಮೇಜಿನ ಮೇಲೆ ಇಟ್ಟಳು.

"ಲೇ, ಯಾರ್ ಕರೆದ್ರೆ ನಿನ್ನ? ಆ ಕೈಲಿ ದೇವರ ಹತ್ರ..." ಗೌಡರು ಮೈಕು ಆರಿಸುವುದು ಮರೆತಿದ್ದರು. ಮಾತು ಬೀದಿಗೂ ಕೇಳಿತು.

"ಸಾರ್, ಈ ಮಕ್ಳು ವರ್ಷದಲ್ಲಿ ಅರ್ಧ ದಿನ ಸ್ಕೂಲಿಗೆ ಬಂದಿಲ್ವಂತೆ," ಅಂದಳು ಹನುಮಕ್ಕ. "ಅದಕ್ಕೆ ಹಾಲ್ ಟಿಕೆಟ್ ಇಲ್ವಂತೆ. ಇವರ ಹಾಲು ದಿನಾ ಯಾರ್ ಕುಡಿದ್ರು ಅಂತ ಸ್ವಲ್ಪ ಓದಿ ಹೇಳಿ. ನಂಗೆ ಓದಕ್ಕೆ ಬರಲ್ಲ."

ಸಾಹೇಬರು ಪುಸ್ತಕ ತಿರುವಿದರು. ಜೂನ್, ಅರವತ್ತೆರಡು. ಆಗಸ್ಟ್, ಅರವತ್ತೆರಡು. ಜನವರಿ, ಅರವತ್ತೆರಡು. ಪ್ರತಿ ಸಾಲಿನ ತುದಿಗೂ ಜಗದಾಂಬಾ ಮೇಡಂ ಸಹಿ. ಮೇಡಂ ಸೆರಗಿನ ಅಂಚು ನೋಡಿಕೊಳ್ಳುತ್ತಿದ್ದರು. ಶ್ರೀಶೈಲ ಮೇಷ್ಟ್ರು ಕಂಬದ ಹಿಂದೆ ಸರಿದರು.

"ಇವಳ್ಗೆ ಲೆಕ್ಕ ಬರಲ್ಲ ಸಾರ್, ಬಾಯಿಗೆ ಬಂದಂಗೆ ಹೇಳಿ ಬರಸಿದಾಳೆ," ಅಂದರು ಗೌಡರು.

"ಲೆಕ್ಕ ಬರ್ದಂಗೆ ಮಾಡಿದ್ದು ನಿಮ್ಮಪ್ಪ ಗೌಡ್ರೆ. ಆದ್ರೂ ಅರವತ್ತೆರಡರತಂಕ ಎಣಿಸ್ತೀನಿ."

ಸಾಹೇಬರು ಪುಸ್ತಕ ಮುಚ್ಚಿದರು. ಎಲ್ಲರ ಮುಖ ನೋಡಿ, ಗೌಡರ ಮುಖ ಇನ್ನೊಂದು ಸಲ ನೋಡಿ, ನಕ್ಕರು. "ಇದನ್ನ ಆಮೇಲೆ ಕೂತು ಮಾತಾಡೋಣ. ಪೂಜೆ ಹೊತ್ತಲ್ಲಿ ಯಾಕೆ? ಬನ್ನಿ ಮಕ್ಳೆ, ಹಾಲು ಆರೋಗುತ್ತೆ, ಕುಡೀರಿ. ಬಾಮ್ಮ, ನೀನ್ ಮೊದಲು ತಗೋ."

ಅನು ಮೇಜಿನ ಹತ್ತಿರ ಬಂದಳು. ಕೈ ಹಿಂದಕ್ಕೆ ಕಟ್ಟಿಕೊಂಡಳು.

"ನಾನು ಆಬ್ಸೆಂಟ್ ಸಾರ್."

ಸಾಹೇಬರ ನಗು ಅರ್ಧಕ್ಕೆ ನಿಂತಿತು. ಅವಳ ಹಿಂದಿದ್ದ ದುಂಡೇಶ ಮುಂದೆ ಬಂದ. "ಆಬ್ಸೆಂಟ್ ಸಾರ್." ಆಮೇಲೆ ಆಟೋದವನ ಮಗಳು. "ಆಬ್ಸೆಂಟ್ ಸಾರ್." ದಿನಾ ಬೆಳಿಗ್ಗೆ ಹಾಜರಿ ಕೂಗುವಾಗ ಹೇಳುವ ಅದೇ ರಾಗದಲ್ಲಿ, ಒಬ್ಬರಾದ ಮೇಲೆ ಒಬ್ಬರು, ಹನ್ನೊಂದೂ ಮಕ್ಕಳು ಹೇಳಿದರು. ಆರದೇ ಇದ್ದ ಮೈಕು ಅಷ್ಟನ್ನೂ ಬೀದಿಗೆ ಹೇಳಿತು.

"ಲೋಟ ತೆಗಿಯೇ ಬೋಳಿ," ಗೌಡರು ಹಲ್ಲು ಕಚ್ಚಿ ಅಂದರು. "ತೆಗಿ ಅಂದೆ."

ಹನುಮಕ್ಕ ಸೆರಗಿಗೆ ಕೈ ಒರೆಸಿಕೊಂಡಳು. ಹೋಗಿ ಮಕ್ಕಳ ಸಾಲಿನ ಕೊನೆಯಲ್ಲಿ ನಿಂತಳು.

"ನಂಗೂ ಹಾಜರಿ ಇಲ್ಲ ಗೌಡ್ರೆ."

ಪುರೋಹಿತರ ತಟ್ಟೆಯಲ್ಲಿ ಕರ್ಪೂರ ಉರಿದು ಆರಿತು. ಹಾಲ್ ಟಿಕೆಟ್ಟಿನ ಕಂತೆಯನ್ನು ಯಾರೂ ಮುಟ್ಟಲಿಲ್ಲ. ಮೇಜಿನ ಮೇಲಿದ್ದ ಹನ್ನೊಂದು ಲೋಟ ಹಾಲು ನಿಧಾನಕ್ಕೆ ಕೆನೆ ಕಟ್ಟುತ್ತಿತ್ತು.