ಅಂಗಡಿ ಸಾಹೇಬರ ಮೇಲೆ ನಾನು ತೀರಿಸಿಕೊಂಡ ಸೇಡು

ಜಗತ್ತಿನಲ್ಲಿ ಇದುವರೆಗೆ ಅಚ್ಚಾದ ವಿಜ್ಞಾನ ಲೇಖನಗಳಲ್ಲಿ ನಾನು ಓದದೆ ಬಿಟ್ಟವು ಎರಡೇ. ಒಂದು ಅಚ್ಚಾದ ದಿನ ನನಗೆ ಜ್ವರವಿತ್ತು. ಇನ್ನೊಂದನ್ನು ಬರೆದವನೇ ಓದಿರಲಿಲ್ಲ, ಅವನಿಗಿಂತ ಮೊದಲು ನಾನು ಓದುವುದು ಮರ್ಯಾದೆಯಲ್ಲವೆಂದು ಬಿಟ್ಟೆ. ಉಳಿದುದೆಲ್ಲವನ್ನೂ ಸಸ್ಯಶಾಸ್ತ್ರ ವಿಭಾಗದ ಪ್ರಯೋಗಾಲಯದಲ್ಲಿ, ಗಾಜಿನ ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕ ಹಾಕಿದ್ದ ನನ್ನ ಮೇಜಿನ ಮೇಲೆ ಓದಿ ಮುಗಿಸಿದೆ. ಆ ತೊಟ್ಟಿಯ ನಲ್ಲಿ ಹಗಲಿಡೀ ತೊಟ್ಟಿಕ್ಕುತ್ತಿತ್ತು. ಒಂದು ಹನಿ ಬಿದ್ದು ಇನ್ನೊಂದು ಬೀಳುವುದರೊಳಗೆ ಒಂದು ಲೇಖನ, ಅದು ನನ್ನ ಲೆಕ್ಕ.

ಗ್ರಂಥಪಾಲಕನಿಗೆ ಪ್ರಯೋಗಾಲಯದಲ್ಲಿ ಏನು ಕೆಲಸ ಎಂದು ಕೇಳುವವರುಂಟು. ಸಂಶೋಧಕರು ಗ್ರಂಥಾಲಯದ ಮೆಟ್ಟಿಲು ಹತ್ತುವುದನ್ನು ನಿಲ್ಲಿಸಿದ ಮೇಲೆ ನಮ್ಮ ವಿಶ್ವವಿದ್ಯಾಲಯ ಗ್ರಂಥಪಾಲಕರನ್ನೇ ವಿಭಾಗಕ್ಕೊಬ್ಬರಂತೆ ಅವರ ನಡುವೆ ಕೂರಿಸಿತು. ಯಾರು ಯಾವ ಪ್ರಯೋಗ ಹಿಡಿದಿದ್ದಾರೋ ಅದರ ಬಗ್ಗೆ ಲೋಕದಲ್ಲಿ ಎಲ್ಲೆಲ್ಲಿ ಏನೇನು ಅಚ್ಚಾಗಿದೆ ಎಂದು ಹುಡುಕಿ ಕೊಡುವುದು ನಮ್ಮ ಕೆಲಸ. ಇದರ ಜೊತೆಗೆ ಕಂಪ್ಯೂಟರಿನಲ್ಲಿ 'ಗ್ರಂಥಪಾಲಕರನ್ನು ಕೇಳಿ' ಎಂಬ ಕಿಟಕಿಯೊಂದಿತ್ತು. ಯಾರು ಬೇಕಾದರೂ ಅದರಲ್ಲಿ ಪ್ರಶ್ನೆ ಬರೆಯಬಹುದು, ನಾನು ಕೂತಲ್ಲಿಂದಲೇ ಉತ್ತರ ಬರೆಯಬೇಕು. ಯಾವ ವಿಭಾಗದಿಂದ ಕೇಳಿದ್ದಾರೆಂಬುದು ನನಗೆ ಕಾಣುತ್ತಿತ್ತು, ಕೇಳಿದವರ ಹೆಸರು ಕಾಣುತ್ತಿರಲಿಲ್ಲ.

ವಿಭಾಗದ ಮುಖ್ಯಸ್ಥರು ಡಾಕ್ಟರ್ ಅಂಗಡಿ. ಗೆದ್ದಲು ಹುತ್ತದ ಮಣ್ಣಿನಲ್ಲಿ ಬೆಳೆಯುವ ಬೂಷ್ಟುಗಳ ಮೇಲೆ ಅವರು ಒಂದು ಹೆಬ್ಬಾವಿನಂಥ ಲೇಖನ ಬರೆದರು. ಅದಕ್ಕಾಗಿ ನಾನು ಏಳು ತಿಂಗಳು ಹುಡುಕಿದೆ. ಹುಡುಕಿ ಹುಡುಕಿ ನನ್ನ ಕನ್ನಡಕದ ಗಾಜು ಸವೆದು ಕಾಗದದಷ್ಟು ತೆಳ್ಳಗಾಯಿತು. ಲೇಖನ ಅಚ್ಚಾಗಿ ಬಂದಾಗ ಕೊನೆಯ ಪುಟದಲ್ಲಿ ಕೃತಜ್ಞತೆಗಳಿದ್ದವು. ಕುಲಪತಿಗಳು, ಹುತ್ತವಿದ್ದ ಹೊಲದ ಒಡೆಯರು, ಸೂಕ್ಷ್ಮದರ್ಶಕ ಒರೆಸುವವನು, ಕಡೆಗೆ ನಲ್ಲಿ ದುರಸ್ತಿ ಮಾಡಿದವನು. ಆ ನಲ್ಲಿಯಾದರೋ ನನ್ನ ಪಕ್ಕದಲ್ಲಿ ಇನ್ನೂ ತೊಟ್ಟಿಕ್ಕುತ್ತಲೇ ಇತ್ತು.

"ಸಾಹೇಬ್ರ, ಇದರಾಗ ನನ್ನ ಹೆಸರು ಕಾಣವಲ್ದು," ಎಂದೆ.

"ನಿಮ್ದ್ಯಾಕ್ರೀ?" ಎಂದರು, ನಿಜವಾಗಿಯೂ ಅರ್ಥವಾಗದವರಂತೆ. "ನೀವು ತಂದು ಕೊಟ್ಟದ್ದು ಮಂದಿ ಬರದದ್ದು. ಪತ್ರಾ ತಂದುಕೊಟ್ಟ ಅಂಚೆಯವಗ ಪತ್ರಾ ಬರದೋನು ಅಂತೀವೇನು? ಹೋಗ್ರಿ, ಚಹಾ ಕುಡೀರಿ."

ಅಲ್ಲಿದ್ದವರೆಲ್ಲ ನಕ್ಕರು. ಆ ನಗುವನ್ನು ನಾನು ಮನೆಗೆ ಒಯ್ದೆ, ಊಟಕ್ಕೆ ಕಲಸಿಕೊಂಡೆ, ತಲೆದಿಂಬಿನ ಕೆಳಗಿಟ್ಟುಕೊಂಡೆ. ಈ ಮನುಷ್ಯ ಒಂದು ದಿನ ತುಂಬಿದ ಸಭೆಯಲ್ಲಿ ಬಾಯಿ ತೆರೆದು, ಮಾತು ಸಿಗದೆ, ಹಾಗೇ ಮುಚ್ಚಬೇಕು. ಅದನ್ನು ನಾನು ನೋಡಬೇಕು. ಅಷ್ಟರ ಹೊರತು ಈ ಜನ್ಮದಲ್ಲಿ ಇನ್ನೇನೂ ಬೇಡವೆನಿಸಿತು.

ಅವಕಾಶ ತಾನಾಗಿ ಬಂತು. ಅಂಗಡಿಯವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದವಳು ದಾನಮ್ಮ. ಹುತ್ತದ ಒಂದು ಬೂಷ್ಟು ಶೇಂಗಾದ ಎಲೆಚುಕ್ಕೆ ರೋಗವನ್ನು ತಡೆಯುತ್ತದೆಂದು ಕಂಡವಳು ಅವಳು. ಪೂಜೆಗೊಳ್ಳುವ ಹುತ್ತಕ್ಕೆ ಕೈ ಹಾಕಿದರೆ ಊರವರು ಬಿಡುವುದಿಲ್ಲ. ಅರಿಷಿಣ ಕುಂಕುಮ ಬೀಳದ ಹುತ್ತ ಹುಡುಕಿಕೊಂಡು ಅವಳು ಬಿಸಿಲಲ್ಲಿ ಹರದಾರಿಗಟ್ಟಲೆ ತಿರುಗಿ, ಬೈಸಿಕೊಂಡು, ಹಿಡಿ ಹಿಡಿ ಮಣ್ಣು ತರುತ್ತಿದ್ದಳು. ನನ್ನನ್ನು ಕಾಕಾ ಎನ್ನುತ್ತಿದ್ದಳು. ಬೂಷ್ಟನ್ನು ಕಂಡವಳು ಅವಳಾದರೂ ಊರೆಲ್ಲ ಹೇಳುತ್ತಿದ್ದುದು 'ಅಂಗಡಿಯವರ ಬೂಷ್ಟು' ಎಂದೇ.

ಒಂದು ಬೆಳಿಗ್ಗೆ ಆ ಕಿಟಕಿಯಲ್ಲಿ ಸಸ್ಯಶಾಸ್ತ್ರ ವಿಭಾಗದಿಂದ ಪ್ರಶ್ನೆ ಬಂತು. ಈ ಬೂಷ್ಟು ಎಲೆಚುಕ್ಕೆಯನ್ನು ತಡೆಯುತ್ತದೆಂದು ಬೇರೆ ಯಾರಾದರೂ ಈಚೆಗೆ ಬರೆದಿದ್ದಾರೆಯೇ? ಅಂಗಡಿಯೇ ಕೇಳಿದ್ದೆಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ದೂರದ ದೇಶದವರು ಅದನ್ನೇ ಕಂಡು ಬರೆದ ಲೇಖನ ಆಗಷ್ಟೇ ಬಂದು ನನ್ನ ಮೇಜಿನ ಮೇಲೆ ಬಿದ್ದಿತ್ತು. ಓದಿದೆ, ಮಡಚಿದೆ, ಡ್ರಾಯರಿನಲ್ಲಿಟ್ಟು ಕೀಲಿ ಹಾಕಿದೆ. 'ಯಾರೂ ಬರೆದಿಲ್ಲ. ನಿಶ್ಚಿಂತೆಯಿಂದ ಮುಂದುವರಿಯಿರಿ' ಎಂದು ಉತ್ತರ ಕೊಟ್ಟೆ.

ಎಂಟು ತಿಂಗಳ ಮೇಲೆ ದಾನಮ್ಮನ ಥೀಸಿಸ್ ಮಂಡನೆ. ಗೈಡ್ ಅಂಗಡಿ ಎದ್ದು ನಿಂತು, "ಇದು ಜಗತ್ತಿನಾಗ ಮೊದಲನೇ ಸಲ" ಎಂದರು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಚೀಲದಿಂದ ಒಂದು ಲೇಖನ ತೆಗೆದು ಮೇಜಿನ ಮೇಲಿಟ್ಟರು. "ಇದನ್ನ ನೋಡಿಲ್ವಾ ನೀವು?" ಅಂಗಡಿ ಬಾಯಿ ತೆರೆದರು. ಮಾತು ಬರಲಿಲ್ಲ. ಬಂದದ್ದು ಬೆವರು. ಆ ಬೆವರಿನಲ್ಲಿ ಮುಂದಿನ ಸಾಲಿನ ಕುರ್ಚಿಗಳು ತೇಲಿದವು. ಡೀನರು ಪಂಚೆ ಎತ್ತಿಕೊಂಡು ದಾಟಿ ಹೋದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಹೊಟ್ಟೆ ತುಂಬ ಹೋಳಿಗೆ ತಿಂದಷ್ಟು ತೃಪ್ತಿಯಾಯಿತು.

ದಾನಮ್ಮನೂ ವೇದಿಕೆಯ ಮೇಲೆಯೇ ಇದ್ದಳು. ಈ ಕತೆ ಹೇಳುವಾಗ ನಾನು ಅವಳ ಬಗ್ಗೆ ಹೆಚ್ಚು ಹೇಳುತ್ತಿರಲಿಲ್ಲ. ಅವಳು ಬಂದರೆ ಕತೆಯ ಓಟ ಕೆಡುತ್ತಿತ್ತು. ಹೊಸತಲ್ಲವೆಂದು ಅವಳ ಥೀಸಿಸ್ ಹಿಂದಕ್ಕೆ ಬಂತು. ಅವಳು ಇನ್ನೊಂದು ಬೂಷ್ಟು ಹಿಡಿದು ಎರಡು ವರ್ಷ ಮತ್ತೆ ಹುತ್ತ ತಿರುಗಿದಳು. ಅಂಗಡಿಯವರು ಮಾರನೆಯ ದಿನವೇ ಚಹಾ ಕುಡಿಯುತ್ತ ನಗುತ್ತಿದ್ದರು.

ಈ ಸೇಡಿನ ಕತೆಯನ್ನು ನಾನು ಕ್ಯಾಂಟೀನಿನಲ್ಲಿ ವರ್ಷಗಟ್ಟಲೆ ಹೇಳಿದೆ. ಒಂದು ಮಧ್ಯಾಹ್ನ ಹೊಸದಾಗಿ ಬಂದ ಇಬ್ಬರು ಗ್ರಂಥಪಾಲಕರಿಗೆ ಹೇಳುತ್ತಿದ್ದೆ. ನಿಯತಕಾಲಿಕ ವಿಭಾಗದ ಮಠಪತಿ, ನನ್ನ ಹಳೆಯ ಗೆಳೆಯ, ಪಕ್ಕದಲ್ಲಿದ್ದ.

"ಈ ಸಲ ಕುರ್ಚಿ ತೇಲ್ತಾವೋ ಮುಳಗ್ತಾವೋ?" ಎಂದ ಮಠಪತಿ. "ಹೋದ ಸಲ ಡೀನರು ಈಜಿದ್ರು."

"ಕಾಕಾ," ಎಂದು ಬೆನ್ನ ಹಿಂದಿನಿಂದ ಕೇಳಿಸಿತು. "ಆ ಪ್ರಶ್ನೆ ಕೇಳಿದ್ದು ನಾನರೀ."

ದಾನಮ್ಮ. ಬೇರೆ ಊರಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಳೆಂದು ಕೇಳಿದ್ದೆ. ಕೈಯಲ್ಲಿ ಮಡಚಿದ ಚೀಟಿಯೊಂದಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಅಂಗಡಿ ಸರ್‌ಗೆ ಆ ಕಿಟಕಿ ತೆರಿಯಾಕ ಬರ್ತಿರ್ಲಿಲ್ಲ. ಅವ್ರು ಹ್ಯಾಂಗ ಕೇಳ್ತಾರ? ನೀವು ನಿಶ್ಚಿಂತಿ ಅಂದ್ರಿ, ನಾನು ನಿಶ್ಚಿಂತಿ ಇದ್ದೆ. ಆವಾಗ ಗೊತ್ತಾಗಿದ್ರ ದಾರಿ ಬದಲಿ ಮಾಡ್ತಿದ್ದೆ." ಅವಳ ದನಿ ಏರಲಿಲ್ಲ. "ನಿಮ್ಮ ಕಣ್ಣು ತಪ್ಪಿ ಹೋಗಿರಬೇಕು ಅನ್ಕೊಂಡಿದ್ದೆ ಇಷ್ಟು ದಿನ. ಆ ಲೇಖನಾ ನೋಡಿ ಮುಚ್ಚಿಟ್ರೇನು?"

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಅಭ್ಯಾಸ ಬಿಡಲಿಲ್ಲ. "ಹೌದವಾ," ಎಂದೆ, "ನಿನಗಂತ ಗೊತ್ತಿರ್ಲಿಲ್ಲ. ಪೂರ್ತಿ ಓದೇ ಮುಚ್ಚಿಟ್ಟೆ."

"ಆ ಲೇಖನಾ ಬರದವ್ರು ಯಾವ ಸೀಮಿ ಹುತ್ತ ಅಗದಿದ್ರು?"

"ಯಾವುದೋ ಗುಡ್ಡದ ಕಡೇದು. ಎತ್ತರದ ಹುತ್ತ. ಚಿತ್ರಾನೂ ಇತ್ತು."

ದಾನಮ್ಮ ಕೈಯ ಚೀಟಿಯನ್ನು ಇನ್ನೊಂದು ಮಡಿಕೆ ಮಡಚಿದಳು.

"ಕಾಕಾ, ಅದರಾಗ ಹುತ್ತನ ಇಲ್ಲ. ಅವರಿಗೆ ಆ ಬೂಷ್ಟು ಸಿಕ್ಕಿದ್ದು ಸಗಣಿ ಗೊಬ್ಬರದಾಗ. ಬೂಷ್ಟು ನಂದ, ಜಾಗಾ ಬ್ಯಾರೆ. ಎಷ್ಟು ಸಲ ಓದೀನಂದ್ರ ಅದು ನನಗ ಬಾಯಿಪಾಠ ಐತಿ."

ಮಠಪತಿ ಕ್ಯಾಂಟೀನಿನ ಕಿಟಕಿಯ ಕಡೆ ಮುಖ ತಿರುಗಿಸಿದ. ಅವನು ಕುಹಕವಾಡದಿದ್ದುದನ್ನು ಕಂಡಾಗಲೇ ನನಗೆ ನಿಲ್ಲಲು ನೆಲ ಉಳಿದಿಲ್ಲವೆಂದು ತಿಳಿಯಿತು.

"ನಾನು ಓದಿಲ್ಲ, ದಾನಮ್ಮ," ಎಂದೆ. "ಡ್ರಾಯರಿನಾಗ ಏನೂ ಇರ್ಲಿಲ್ಲ. ಹುಡುಕೇ ಇಲ್ಲ. ಅಂಗಡಿ ಮ್ಯಾಲಿನ ಸಿಟ್ಟಿನಾಗ ಎಷ್ಟೋ ವಾರದಿಂದ ಒಂದು ಪತ್ರಿಕೆನೂ ತೆರದಿರ್ಲಿಲ್ಲ. ನೀ ಕೇಳಿದಿ, ಬಾಯಿಗೆ ಬಂದಂಗ ಇಲ್ಲ ಅಂತ ಬರದೆ. ಅಂಥಾದ್ದೊಂದು ಲೇಖನ ಐತಿ ಅನ್ನೋದು ನನಗೂ ಗೊತ್ತಾಗಿದ್ದು ಆ ಸಭಾದಾಗನ."

ಉಳಿದುದನ್ನು ಅವಳಿಗೆ ಹೇಳಲಿಲ್ಲ, ಇಲ್ಲಿ ಹೇಳುತ್ತೇನೆ. ಸಭೆ ಮುಗಿದು ಮನೆಗೆ ನಡೆಯುವ ದಾರಿಯಲ್ಲಿ ನಾನು ಅದಕ್ಕೆ ಸೇಡು ಎಂದು ಹೆಸರಿಟ್ಟೆ. ಗೊತ್ತಿಲ್ಲದ ಗ್ರಂಥಪಾಲಕನಾಗುವುದಕ್ಕಿಂತ ಗೊತ್ತಿದ್ದೂ ಮುಚ್ಚಿಟ್ಟ ದುಷ್ಟನಾಗುವುದು ನನಗೆ ಹೆಚ್ಚು ಗೌರವದ್ದೆನಿಸಿತ್ತು. ಅಂಗಡಿಯವರು ನನ್ನನ್ನು ಅಂಚೆಯವನೆಂದಿದ್ದರು. ಅಂಚೆಯವನಾದರೂ ಪತ್ರ ಮುಟ್ಟಿಸುತ್ತಾನೆ.

"ಸೇಡಿಗಾದ್ರೂ ಒಂದು ಸಲ ಓದಬೇಕಿತ್ತಲ್ರೀ," ಎಂದಳು ದಾನಮ್ಮ. "ನನ್ನ ಎರಡು ವರ್ಷಕ್ಕ ಅಷ್ಟಾದ್ರೂ ಕಾರಣ ಇರ್ತಿತ್ತು."

ತನ್ನ ಕೈಯ ಚೀಟಿ ನೋಡಿಕೊಂಡಳು. ಅವಳ ವಿದ್ಯಾರ್ಥಿನಿಯೊಬ್ಬಳು ಥೀಸಿಸ್ ಕೊಡುವವಳಿದ್ದಳಂತೆ. ಅದಕ್ಕೆ ಮುಂಚೆ ಒಮ್ಮೆ ಎಲ್ಲವನ್ನೂ ಹುಡುಕಿಸಬೇಕೆಂದು ಅಷ್ಟು ದೂರದಿಂದ ಬಂದಿದ್ದಳು. ನನ್ನನ್ನು ನೋಡಲೆಂದೇ ಬಂದಿದ್ದಳೆಂದು ಆಮೇಲೆ ತಿಳಿಯಿತು. ನಾನು ಕೈ ಚಾಚಿದೆ. ಅವಳು ನನ್ನ ಕೈಯನ್ನು ದಾಟಿ ಚೀಟಿಯನ್ನು ಮಠಪತಿಯ ಎದುರು ಇಟ್ಟಳು.

"ಸರ್, ಇದನ್ನ ನೀವು ಹುಡುಕಿ ಕೊಡ್ರಿ. ಗಡಿಬಿಡಿ ಏನಿಲ್ಲ."

ಮಠಪತಿ ಕನ್ನಡಕ ಹಾಕಿಕೊಂಡು ಚೀಟಿಯನ್ನು ಬೆಳಕಿಗೆ ಎತ್ತಿ ಹಿಡಿದ. ನಿಧಾನವಾಗಿ, ತುಟಿ ಅಲುಗಿಸುತ್ತ, ಒಂದೊಂದೇ ಸಾಲು ಓದಿದ. ನಾನು ಕೂತಲ್ಲಿಂದ ನನಗೆ ಕಾಣುತ್ತಿದ್ದುದು ಅದರ ಹಿಂಬದಿ ಮಾತ್ರ. ಅಲ್ಲಿ ಏನೂ ಬರೆದಿರಲಿಲ್ಲ.