ಮಾತ್ರೆ ತಾಯಿಗೆ, ಹಾಲು ಮಗುವಿಗೆ

"ಮಗು ಹಸಿದಿದೆ ಕಣೇ. ನಿನ್ನ ಹಾಲು ಸಾಲ್ತಾ ಇಲ್ಲ."

ಅತ್ತೆ ಬೆಳಿಗ್ಗೆಯಿಂದ ಇದನ್ನೇ ಹೇಳುತ್ತಿದ್ದರು. ಬೇಸಿಗೆ ಬೇರೆ. ತಗಡಿನ ಛಾವಣಿಯ ಎರಡು ಕೋಣೆಯ ಮನೆ ಕಾದ ಬಾಣಲೆಯಂತಾಗಿತ್ತು. ಮುಂದಿನ ಕೋಣೆಯಲ್ಲಿ ಸೊಸೆಯ ಹೊಲಿಗೆ ಮಷೀನು, ಅದರ ಮೇಲೆ ಇನ್ನೂ ತೋಳು ಕೂರಿಸದ ಶಾಲೆಯ ಅಂಗಿಗಳು. ಬಾಣಂತನ ಮಾಡಲೆಂದು ಅತ್ತೆ ಬಂದು ಕೆಲವೇ ವಾರಗಳಾಗಿದ್ದವು. ಅವರು ಹಾಸ್ಟೆಲ್ ಒಂದರಲ್ಲಿ ಅಡುಗೆಯವರಾಗಿದ್ದವರು. ನೂರಾರು ಮಕ್ಕಳ ಹೊಟ್ಟೆ ತುಂಬಿಸಿದ ಕೈ ಅವರದು. ಮಗುವಿನ ಅಳು ಕೇಳಿಕೊಂಡು ಸುಮ್ಮನೆ ಕೂರುವ ಜೀವವೇ ಅಲ್ಲ.

"ಈ ಸೆಕೆಗೆ ದೊಡ್ಡವರಿಗೇ ಗಂಟಲು ಒಣಗುತ್ತೆ. ಒಂದೆರಡು ಚಮಚ ನೀರು ಕುಡಿಸಿದ್ರೆ ಏನಾಗುತ್ತೆ?"

"ಬೇಡ ಅತ್ತೆ."

"ಹೋಗಲಿ, ಡಬ್ಬಿ ಹಾಲಾದ್ರೂ ತರಿಸೋಣ."

"ಬೇಡ ಅತ್ತೆ. ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಕೊಡಬೇಡಿ ಅಂತ ಆಸ್ಪತ್ರೆಯಲ್ಲಿ ಹೇಳಿದ್ದಾರೆ. ನೀರು ಕೂಡ."

"ಆಸ್ಪತ್ರೆಯವರು ಹೆತ್ತಿದ್ದಾರಾ? ನಾಲ್ಕು ಹೆತ್ತವಳು ನಾನು. ನಾಲ್ಕಕ್ಕೂ ನೀರು ಕುಡಿಸಿದ್ದೀನಿ. ಒಂದು ಇಲ್ಲೇ ಇದೆಯಲ್ಲ, ಏಣಿ ಹತ್ತೋ ಅಷ್ಟು ಗಟ್ಟಿಯಾಗಿ!"

ಆ 'ಒಂದು' ಎಂದರೆ ಸೊಸೆಯ ಗಂಡ. ಕಟ್ಟಡಗಳಿಗೆ ಬಣ್ಣ ಹೊಡೆಯುವುದು ಅವನ ಕೆಲಸ. ಅಮ್ಮನಿಗೂ ಹೆಂಡತಿಗೂ ಮಾತು ಶುರುವಾಯಿತೆಂದರೆ ಅವನಿಗೆ ಎಲ್ಲಿಲ್ಲದ ಅವಸರ. ಡಬ್ಬ, ಬ್ರಷ್ಷು ಎತ್ತಿಕೊಂಡು ಹೊರಟೇಬಿಡುತ್ತಿದ್ದ.

ಸೊಸೆ ಹೆಚ್ಚು ವಾದಿಸುತ್ತಿರಲಿಲ್ಲ. ಅವಳ ಹತ್ತಿರ ಇದ್ದ ಕಾರಣ ಬಾಯಿ ಬಿಟ್ಟು ಹೇಳುವಂಥದ್ದಾಗಿರಲಿಲ್ಲ.

ಬಸುರಿಯಾಗಿದ್ದಾಗ ಎಲ್ಲರಿಗೂ ಮಾಡುವ ರಕ್ತಪರೀಕ್ಷೆಯಲ್ಲಿ ಅವಳಿಗೆ ಎಚ್‌ಐವಿ ಇರುವುದು ತಿಳಿದಿತ್ತು. ಪರೀಕ್ಷೆ ಮಾಡಿಸಿದಾಗ ಗಂಡನಿಗೂ ಇತ್ತು. ಯಾರಿಂದ ಯಾರಿಗೆ ಬಂತು ಎಂಬ ಜಗಳ ಒಂದಷ್ಟು ದಿನ ನಡೆದು, ತಾನಾಗಿಯೇ ಸೋತು ಸುಮ್ಮನಾಯಿತು. ಇಬ್ಬರೂ ದಿನಾ ತಪ್ಪದೆ ಮಾತ್ರೆ ನುಂಗುತ್ತಿದ್ದರು. ಹುಟ್ಟಿದ ಮಗುವಿಗೂ ಆಸ್ಪತ್ರೆಯವರು ಕುಡಿಸುವ ಔಷಧಿ ಕೊಟ್ಟಿದ್ದರು. ಅತ್ತೆ ಕೇಳಿದರೆ, "ರಕ್ತ ಕಮ್ಮಿ ಇದೆಯಂತೆ, ಅದಕ್ಕೆ" ಎಂದು ಗಂಡ ಹೆಂಡತಿ ಒಂದೇ ಮಾತು ಹೇಳುತ್ತಿದ್ದರು.

ಇದು ಹೊರಗಿನ ಕಷ್ಟ. ಒಳಗೆ ಇನ್ನೊಂದಿತ್ತು. ಹೆರಿಗೆ ವಾರ್ಡಿನಲ್ಲಿ ಪಕ್ಕದ ಹಾಸಿಗೆಯ ಹೆಂಗಸು ಯಾರದೋ ಸುದ್ದಿ ಹೇಳುತ್ತಾ, "ಅಂಥವರ ಹಾಲು ಅಂದ್ರೆ ವಿಷಾನೇ ಬಿಡಿ" ಎಂದಿದ್ದಳು. ನರ್ಸ್ ತಿಳಿಸಿ ಹೇಳಿದ್ದೆಲ್ಲ ಸೊಸೆಯ ತಲೆಯಲ್ಲಿತ್ತು. ಆ ಒಂದು ಮಾತು ಮಾತ್ರ ಎದೆಯಲ್ಲಿ ಕೂತುಬಿಟ್ಟಿತ್ತು. ಮಗು ಬಾಯಿ ಹಾಕಿದಾಗಲೆಲ್ಲ, ತಾನು ಹಾಲು ಕೊಡುತ್ತಿದ್ದೇನೋ ಕಾಯಿಲೆ ಕೊಡುತ್ತಿದ್ದೇನೋ ಎಂಬ ಅನುಮಾನ ಅವಳಿಗೆ. ಹೆದರಿಕೆಗೆ, ಒಂದಿಷ್ಟು ಕುಡಿಸಿ ಸರಕ್ಕನೆ ಎದೆಯಿಂದ ಬಿಡಿಸಿಬಿಡುತ್ತಿದ್ದಳು. ಊಟದ ಮಧ್ಯೆ ಎಬ್ಬಿಸಿದ ಮಗು ಅಳದೆ ಇನ್ನೇನು ಮಾಡೀತು?

ಹಾಗೆ ಎಳೆದೆಳೆದು ಬಿಡಿಸಿದ್ದಕ್ಕೆ ಎಡಗಡೆಯ ತೊಟ್ಟು ಒಡೆಯಿತು. ಖಾಲಿಯಾಗದ ಹಾಲು ಒಳಗೇ ಕಟ್ಟಿಕೊಂಡು ಎದೆ ಕಲ್ಲಾಯಿತು. ಮೈ ಸುಡತೊಡಗಿತು.

ಅಂದು ಅವಳು ಮುಖ ತೊಳೆದು ಬರುವಷ್ಟರಲ್ಲಿ ಮಗುವಿನ ಅಳು ನಿಂತಿತ್ತು. ಒಳಗೆ ಬಂದು ನೋಡಿದರೆ ಅತ್ತೆಯ ಮಡಿಲಲ್ಲಿ ಮಗು, ಮಗುವಿನ ಬಾಯಲ್ಲಿ ಡಬ್ಬಿ ಹಾಲಿನ ಬಾಟಲಿ.

"ನೋಡು, ಹೇಗೆ ಕುಡೀತಾ ಇದೆ ಪಾಪ..."

ಸೊಸೆ ಬಾಟಲಿಯನ್ನು ಕಿತ್ತುಕೊಂಡಳು. ಹಾಲು ಅತ್ತೆಯ ಮಡಿಲಿಗೆಲ್ಲ ಚೆಲ್ಲಿತು. ಮಗು ಕಿರುಚಿತು.

"ಏನಿದು ನಿನ್ನ ಅವತಾರ?" ಅತ್ತೆ ಎದ್ದು ನಿಂತರು. "ನನ್ನ ಕೈಯೇನು ವಿಷ ಕಲಸುತ್ತಾ? ನಿನಗೆ ಜ್ವರ, ಮಗೂಗೆ ಹಸಿವು. ಇದನ್ನೆಲ್ಲ ನಾನು ಕೈಕಟ್ಟಿ ನೋಡ್ಕೊಂಡು ಕೂರಬೇಕಾ? ನಾಳೆನೇ ಹೊರಟೆ ನಾನು."

ಸೊಸೆ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೊರಟಳು. ಬಾಗಿಲು ದಾಟುವಾಗ ತಲೆ ಸುತ್ತಿ ಚೌಕಟ್ಟು ಹಿಡಿದುಕೊಂಡಳು. ಅತ್ತೆ ಹಿಂದಿನಿಂದ ಬಂದು ಮಗುವನ್ನು ಕಸಿದುಕೊಂಡರು.

"ಸಿಟ್ಟು ಸಿಟ್ಟೇ. ಹಾಗಂತ ಜ್ವರದವಳನ್ನ ಒಬ್ಬಳನ್ನೇ ಕಳಿಸೋಕಾಗುತ್ತಾ? ನಡಿ."

ಆಸ್ಪತ್ರೆಯಲ್ಲಿ ನರ್ಸ್ ಸೊಸೆಯನ್ನು ಪರದೆಯ ಹಿಂದೆ ಕರೆದುಕೊಂಡು ಹೋದರು. ಎದೆ ನೋಡಿದರು, ಜ್ವರ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ಹೊರಗೆ ಇರೋರು ನಿಮ್ಮ ಅತ್ತೆ ಅಲ್ವಾ? ಅವರಿಗೆ ಗೊತ್ತಾ?"

"ಇಲ್ಲ."

"ಗೊತ್ತಾಗೋದು ಬೇಡ ಅಂದ್ರೆ ನಮ್ಮ ಬಾಯಿಂದ ಒಂದು ಮಾತೂ ಹೊರಗೆ ಹೋಗಲ್ಲ. ಹೇಳೋದು, ಬಿಡೋದು ನಿಮಗೆ ಸೇರಿದ್ದು."

ಸೊಸೆ ಕಣ್ಣು ಮುಚ್ಚಿಕೊಂಡಳು. ಸುಳ್ಳು ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. ಹೇಳದೇ ಇದ್ದರೆ ಇವತ್ತು ಕಿತ್ತುಕೊಂಡ ಬಾಟಲಿ ನಾಳೆ ಮತ್ತೆ ಬರುತ್ತದೆ.

"ಕರೀರಿ ಅವರನ್ನ. ನೀವು ಹೇಳಬೇಡಿ. ನಾನೇ ಹೇಳ್ತೀನಿ."

ಅತ್ತೆ ಒಳಗೆ ಬಂದು ಸ್ಟೂಲಿನ ಮೇಲೆ ಕೂತರು. ಸೊಸೆ ನೆಲ ನೋಡುತ್ತಲೇ ಹೇಳಿದಳು: "ಅತ್ತೆ, ನಾನು ನುಂಗೋ ಮಾತ್ರೆ ರಕ್ತ ಕಮ್ಮಿ ಅಂತ ಅಲ್ಲ. ನನಗೆ ಎಚ್‌ಐವಿ ಇದೆ."

ಅತ್ತೆ ಸ್ಟೂಲಿನಿಂದ ಮುಂದಕ್ಕೆ ಬಾಗಿದರು.

"ನನ್ನ ಮಗನಿಗೆ?"

"ಅವರಿಗೂ."

ಅತ್ತೆ ಮಡಿಲ ಮಗುವನ್ನು ನೋಡಿದರು. ಮರುಕ್ಷಣ ಅದನ್ನು ಎದೆಗೆ ಅವುಚಿಕೊಂಡು ನರ್ಸ್ ಕಡೆ ತಿರುಗಿದರು.

"ಹಂಗಾದ್ರೆ ಇವಳು ಹಾಲು ಕೊಡ್ತಾ ಇದ್ದಾಳಲ್ಲ! ನೀವೇ ಕೊಡು ಅಂದಿದ್ದೀರಲ್ಲ! ಆಸ್ಪತ್ರೆಯವರಿಗೆ ಬುದ್ಧಿ ಬೇಡ್ವಾ? ನಿಲ್ಲಿಸಿ ಮೊದಲು!"

"ಕೂತ್ಕೊಳ್ಳಿ ಅಮ್ಮಾ," ಎಂದರು ನರ್ಸ್. "ನೀವು ಹೆದರೋದ್ರಲ್ಲಿ ತಪ್ಪಿಲ್ಲ. ಮಾತ್ರೆ ತಗೊಳ್ಳದ ತಾಯಿಯ ಹಾಲಿನಿಂದ ಮಗೂಗೆ ಸೋಂಕು ಹೋಗಬಹುದು, ನಿಜ. ಆದರೆ ನಿಮ್ಮ ಸೊಸೆ ಬಸುರಿಯಾಗಿದ್ದಾಗಿನಿಂದಲೂ ಒಂದು ದಿನ ಬಿಡದೆ ಮಾತ್ರೆ ತಗೊಂಡಿದ್ದಾಳೆ. ಪರೀಕ್ಷೆ ಮಾಡಿದ್ದೀವಿ. ಅವಳ ರಕ್ತದಲ್ಲಿ ವೈರಸ್ಸು ಲೆಕ್ಕಕ್ಕೆ ಸಿಗದಷ್ಟು ಕಮ್ಮಿ ಆಗಿದೆ. ಅಂಥ ತಾಯಿಯ ಹಾಲಿನಿಂದ ಸೋಂಕು ಹೋಗೋ ಸಾಧ್ಯತೆ ತೀರಾ ಕಡಿಮೆ. ಇಲ್ಲವೇ ಇಲ್ಲ ಅಂತ ಸುಳ್ಳು ಹೇಳಲ್ಲ ನಾನು. ತೀರಾ ಕಡಿಮೆ."

"ಆ ಕಡಿಮೆಯಾದ್ರೂ ಯಾಕೆ ಬೇಕು? ಬರೀ ಡಬ್ಬಿ ಹಾಲೇ ಹಾಕ್ತೀನಿ."

"ಕೆಲವರು ಡಾಕ್ಟರ್ ಹತ್ರ ಮಾತಾಡಿ ಹಾಗೂ ಮಾಡ್ತಾರೆ. ಆದರೆ ಅದಕ್ಕೆ ಪ್ರತಿ ಸಲ ಕುದಿಸಿದ ನೀರು ಬೇಕು, ಕುದಿಸಿದ ಬಟ್ಟಲು ಬೇಕು, ಡಬ್ಬಿ ಒಂದು ದಿನವೂ ತಪ್ಪಬಾರದು. ನಿಮ್ಮ ಮನೇಲಿ ನಲ್ಲಿ ನೀರು ದಿನಾ ಬರುತ್ತಾ?"

"ದಿನ ಬಿಟ್ಟು ದಿನ. ಅದೂ ಬಂದ್ರೆ ಬಂತು."

"ಅದಕ್ಕೇ ಹೇಳೋದು. ಎಳೆ ಮಗೂಗೆ ಭೇದಿ ಶುರುವಾದ್ರೆ ಪ್ರಾಣಕ್ಕೇ ಕುತ್ತು ಬರುತ್ತೆ. ಎಲ್ಲಕ್ಕಿಂತ ಅಪಾಯ ಯಾವುದು ಗೊತ್ತಾ? ಎದೆಹಾಲೂ ಕೊಟ್ಟು, ನೀರೂ ಕೊಟ್ಟು, ಬೇರೆ ಹಾಲೂ ಕೊಡೋದು. ಎಳೆ ಮಗುವಿನ ಕರುಳು ತುಂಬಾ ನಾಜೂಕು. ಬೇರೆ ಏನೇ ಹೋದ್ರೂ ಒಳಗೆ ಸಣ್ಣ ಸಣ್ಣ ಗಾಯ ಆಗಬಹುದು. ವೈರಸ್ಸಿಗೆ ಅದೇ ಬಾಗಿಲು."

ಅತ್ತೆಯ ಮುಖ ಬಿಳಿಚಿಕೊಂಡಿತು. "ನಾನು ಇವತ್ತು..."

"ಬಾಟಲಿ ಕೊಟ್ರಾ? ಆಯ್ತು. ಒಂದು ಸಲ ಆಗಿದ್ದಕ್ಕೆ ಎಲ್ಲಾ ಮುಗೀತು ಅಂತ ಅಲ್ಲ. ತಾಯಿ ತಗೊಳ್ತಿರೋ ಮಾತ್ರೆ ಮಗೂನ ಕಾಯ್ತಾ ಇರುತ್ತೆ. ಇನ್ನು ಮೇಲೆ ಬೇಡ, ಅಷ್ಟೇ. ಇದಕ್ಕೆ ಹೆದರಿ ಹಾಲನ್ನೂ ನಿಲ್ಲಿಸಬೇಡಿ, ಮಾತ್ರೆಯನ್ನೂ ನಿಲ್ಲಿಸಬೇಡಿ."

ಅಷ್ಟರಲ್ಲಿ, ಸೊಸೆಯನ್ನು ಕೇಳಿಯೇ ನರ್ಸ್ ಕರೆಸಿದ್ದ ಒಬ್ಬಾಕೆ ಪರದೆ ಸರಿಸಿ ಒಳಗೆ ಬಂದರು. ಬೆಳಗಿನ ಹೊತ್ತು ಬೇಕರಿಯಲ್ಲಿ ಹಿಟ್ಟು ನಾದುತ್ತಾರೆ. ಮಧ್ಯಾಹ್ನ ಆಸ್ಪತ್ರೆಗೆ ಬಂದು ಇಂಥ ತಾಯಂದಿರ ಜೊತೆ ಕೂತು ಮಾತಾಡುತ್ತಾರೆ. ಎಲ್ಲರೂ ಅವರನ್ನು ಬೇಕರಿ ಅಕ್ಕ ಎಂದೇ ಕರೆಯುವುದು. ನರ್ಸ್ ಔಷಧಿ ತರಲು ಹೊರಗೆ ಹೋದರು. ಅಕ್ಕ ಸೊಸೆಯ ಪಕ್ಕ ಕೂತರು.

"ಅಮ್ಮಾ," ಎಂದರು ಅತ್ತೆಗೆ, "ನನಗೂ ಇದೆ."

ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿದರು. ತುಂಬಿದ ಕೆನ್ನೆ, ದಪ್ಪ ತೋಳು.

"ನಿನಗಾ? ನೋಡಿದ್ರೆ ಹೇಳೋಕಾಗಲ್ಲ."

"ಬೇಕರಿ ಕೆಲಸ, ಇನ್ನೇನಾಗುತ್ತೆ! ನನ್ನ ಮಗಳೂ ನನ್ನ ಹಾಲೇ ಕುಡಿದು ಬೆಳೆದಳು. ಈಗ ಶಾಲೆಗೆ ಹೋಗ್ತಾಳೆ. ಅವಳಿಗೆ ಸೋಂಕಿಲ್ಲ. ಅವಳಿಗಿರೋ ಕಾಯಿಲೆ ಒಂದೇ, ಬಾಯಿ. ಮುಚ್ಚೋದೇ ಇಲ್ಲ."

ಅತ್ತೆಗೆ ನಗು ಬರಲಿಲ್ಲ. ಬಿಗಿ ಹಿಡಿದಿದ್ದ ತೋಳು ಮಾತ್ರ ಸ್ವಲ್ಪ ಸಡಿಲವಾಯಿತು.

ಅಕ್ಕ ಸೊಸೆಯ ಕಡೆ ತಿರುಗಿದರು. "ನೀನು ಹೆದರಿ ಹೆದರಿ ಕುಡಿಸ್ತಾ ಇದ್ದೀಯ ಅಲ್ವಾ?"

ಸೊಸೆಯ ಕಣ್ಣು ತುಂಬಿ ಬಂತು. "ವಿಷ ಅಂತ ಹೇಳ್ತಿದ್ರು ಅಕ್ಕ..."

"ನನಗೂ ಹೇಳಿದ್ರು. ಹೇಳಿದವರು ಒಬ್ಬರೂ ಮಗು ಸಾಕೋಕೆ ಬರಲಿಲ್ಲ. ಬಾ, ಹಿಡ್ಕೊಳ್ಳೋದು ಹೇಗೆ ತೋರಿಸ್ತೀನಿ. ಮಗುವಿನ ಹೊಟ್ಟೆ ನಿನ್ನ ಹೊಟ್ಟೆಗೆ ತಾಗಲಿ. ಬಾಯಿ ಅಗಲ ತೆಗೆದಾಗ ಕೊಡು. ತೊಟ್ಟಷ್ಟೇ ಅಲ್ಲ, ಸುತ್ತಲ ಕಪ್ಪೂ ಬಾಯೊಳಗೆ ಹೋಗಬೇಕು. ತಾನಾಗಿ ಬಿಡೋವರೆಗೂ ಬಿಡಿಸಬೇಡ."

ಡಾಕ್ಟರ್ ಬಂದು ಎದೆಯ ಊತಕ್ಕೂ ಜ್ವರಕ್ಕೂ ಔಷಧಿ ಬರೆದರು. ಎಡಗಡೆ ಒಡೆದು ರಕ್ತ ಜಿನುಗುತ್ತಿದ್ದರಿಂದ, ಅದು ವಾಸಿಯಾಗುವವರೆಗೆ ಆ ಕಡೆಯ ಹಾಲನ್ನು ಹಿಂಡಿ ಚೆಲ್ಲಬೇಕು, ಬಲಗಡೆ ಮಾತ್ರ ಕುಡಿಸಬೇಕು ಎಂದರು. ಸೊಸೆ ಬಲಗಡೆಗೆ ಮಗುವನ್ನು ಹಿಡಿದಳು. ಈ ಸಲ ನಡುವೆ ಬಿಡಿಸಲಿಲ್ಲ. ಮಗು ಕುಡಿದು, ಕುಡಿದು, ಕೊನೆಗೆ ತಾನೇ ಬಾಯಿ ಬಿಟ್ಟು ಅವಳ ತೋಳಿನ ಮೇಲೆ ನಿದ್ದೆ ಹೋಯಿತು. ಅತ್ತೆ ಅದನ್ನೇ ನೋಡುತ್ತಾ ಕೂತಿದ್ದರು.

"ಸಾಲ್ತಿದೆ," ಎಂದರು ಕೊನೆಗೆ.

ಮನೆಗೆ ಬಂದ ಮೇಲೆ ಅತ್ತೆ ಮಗನ ದಾರಿ ಕಾಯುತ್ತಾ ಕೂತರು. ಮಗ ಕೆಲಸದಿಂದ ಬಂದು ಕೈಗೆ ಮೆತ್ತಿದ್ದ ಬಣ್ಣ ತೊಳೆಯುತ್ತಿದ್ದಾಗ ಹತ್ತಿರ ಹೋಗಿ ನಿಂತರು.

"ನನ್ನ ಹತ್ರ ಯಾಕೋ ಮುಚ್ಚಿಟ್ಟೆ?"

ಅವನ ಕೈ ನಿಂತಿತು. "ನೀನು ಹೊರಟುಹೋಗ್ತೀಯ ಅಂತ ಅಮ್ಮಾ."

"ಜ್ವರ ಬಂದಾಗ ಬಿಟ್ಟು ಹೋದೆನಾ? ಕಾಲು ಮುರ್ಕೊಂಡಾಗ ಬಿಟ್ಟು ಹೋದೆನಾ? ಈಗ ಹೋಗ್ತೀನಾ?" ಎಂದವರೇ ಗೋಡೆಗೆ ಒರಗಿ ಅತ್ತರು. ಮಗನೂ ಅತ್ತ. ಅತ್ತು ಮುಗಿದ ಮೇಲೆ ಅತ್ತೆ, "ಊಟಕ್ಕೆ ಏಳಿ. ಖಾಲಿ ಹೊಟ್ಟೇಲಿ ಮಾತ್ರೆ ನುಂಗಿ ವಾಂತಿ ಮಾಡ್ಕೊಂಡೀರಿ," ಎಂದು ಬಡಿಸಲು ಕೂತರು.

ಮಾರನೆಯ ದಿನದಿಂದ ಮಗುವಿಗೆ ಕಾವಲು ಅವರೇ. ಪಕ್ಕದ ಮನೆಯಾಕೆ, "ಪಾಪ, ಸೆಕೆಗೆ ಅಳ್ತಿದೆ, ಒಂಚೂರು ಸಕ್ಕರೆ ನೀರು ನೆಕ್ಕಿಸಿ," ಎಂದು ಲೋಟ ಹಿಡಿದು ಬಂದರೆ ಅತ್ತೆ ಬಾಗಿಲಿಗೇ ಅಡ್ಡ ನಿಂತರು.

"ಆರು ತಿಂಗಳು ಯಾವ ಮಗೂಗೂ ತಾಯಿ ಹಾಲು ಬಿಟ್ಟು ಏನೂ ಬೇಡ. ಹಾಲಲ್ಲೇ ಬೇಕಾದಷ್ಟು ನೀರಿದೆಯಂತೆ."

"ಅಯ್ಯೋ, ನಮ್ಮ ಕಾಲದಲ್ಲೆಲ್ಲ ಕೊಡ್ತಿರಲಿಲ್ವಾ?"

"ನಮ್ಮ ಕಾಲದಲ್ಲಿ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಮಾಡಿದ್ರೆ ನಮ್ಮಂಥ ದಡ್ಡರು ಯಾರು? ಕೊಡಿ ಇಲ್ಲಿ," ಎಂದು ಲೋಟ ಇಸಿದುಕೊಂಡು ಸಕ್ಕರೆ ನೀರನ್ನು ತಾವೇ ಕುಡಿದುಬಿಟ್ಟರು. ಗುಟ್ಟೂ ಬಯಲಾಗಲಿಲ್ಲ, ನೆರೆಯವರ ಮನಸ್ಸೂ ನೋಯಲಿಲ್ಲ.

ಎದೆ ವಾಸಿಯಾಯಿತು. ಹುಟ್ಟಿದ ಆರನೇ ವಾರಕ್ಕೆ ಮಗುವಿನ ಹಿಮ್ಮಡಿಯಿಂದ ರಕ್ತದ ಹನಿ ತೆಗೆದು ಪರೀಕ್ಷಿಸಿದರು. ಸೋಂಕಿರಲಿಲ್ಲ. ಆರು ತಿಂಗಳು ತುಂಬಿದ ಮೇಲೆ ಅಜ್ಜಿಯ ಕೈಯ ಮೆತ್ತನೆಯ ಅನ್ನ ಶುರುವಾಯಿತು. ತಾಯಿಯ ಹಾಲೂ ನಡೆಯಿತು, ತಾಯಿಯ ಮಾತ್ರೆಯೂ ನಡೆಯಿತು. ವರ್ಷ ತುಂಬಿದ ಮೇಲೆ ಡಾಕ್ಟರನ್ನು ಕೇಳಿ, ನಿಧಾನವಾಗಿ ಹಾಲು ಬಿಡಿಸಿದರು.

ಹಾಲು ಬಿಡಿಸಿ ಕೆಲವು ತಿಂಗಳು ಕಳೆದ ಮೇಲೆ ಕೊನೆಯ ಪರೀಕ್ಷೆ ಇತ್ತು. ಅದರ ಫಲಿತಾಂಶದ ದಿನ ಗಂಡ ಕೆಲಸಕ್ಕೆ ಹೋಗಲಿಲ್ಲ. ಮೂವರೂ ಆಸ್ಪತ್ರೆಯ ಬೆಂಚಿನ ಮೇಲೆ ಮಗುವನ್ನು ಕಟ್ಟಿಕೊಂಡು ಕೂತರು. ನರ್ಸ್ ಬಾಗಿಲಿಗೆ ಬಂದು ಹೇಳಿದರು: "ಸೋಂಕಿಲ್ಲ. ನಿಮ್ಮ ಮಗು ಪಾರಾಯಿತು."

ಸೊಸೆ ಬೆಂಚಿನಿಂದ ಎದ್ದಳು. ಅತ್ತೆ ಅವಳ ಕೈ ಹಿಡಿದುಕೊಂಡರು. ಇನ್ನೇನು ಎಲ್ಲರೂ ಅಳಬೇಕು, ಅಷ್ಟರಲ್ಲಿ ಮಗು ಯಾರದೋ ಚಪ್ಪಲಿ ಎತ್ತಿಕೊಂಡು ಆಸ್ಪತ್ರೆಯ ಉದ್ದಕ್ಕೂ ಓಡತೊಡಗಿತು. ಚಪ್ಪಲಿಯವರು, "ಏಯ್, ಹಿಡೀರಿ!" ಎಂದರು. ಅಪ್ಪ ಹಿಂದೆ ಓಡಿದ, ಅಜ್ಜಿ ಹಿಂದೆ ಓಡಿದರು. ಅಳುವುದಕ್ಕೆ ಯಾರಿಗೂ ಪುರುಸೊತ್ತೇ ಸಿಗಲಿಲ್ಲ.

ಅಮ್ಮಂದಿರೇ, ಇದನ್ನು ಓದುತ್ತಿರುವ ಅಥವಾ ಕೇಳುತ್ತಿರುವ ನಿಮ್ಮಲ್ಲೂ ಒಬ್ಬರ ಎದೆಯಲ್ಲಿ ಇಂಥದೇ ಹೆದರಿಕೆ ಕೂತಿರಬಹುದು. ಒಬ್ಬರೇ ನುಂಗಿಕೊಳ್ಳಬೇಡಿ. ಬಸುರಿಯಾದ ಕೂಡಲೇ ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳಿ. ಸೋಂಕಿದ್ದರೆ ಮಾತ್ರೆಯನ್ನು ಒಂದು ದಿನವೂ ಬಿಡಬೇಡಿ. ನಿಮ್ಮ ಮಗುವಿಗೆ ಅದೇ ರಕ್ಷೆ. ಮಗುವಿಗೆ ಕೊಟ್ಟ ಔಷಧಿಯನ್ನೂ ಮರೆಯಬೇಡಿ. ಎದೆಹಾಲು ಕೊಡುವುದಾದರೆ ಮೊದಲ ಆರು ತಿಂಗಳು ಅದನ್ನು ಮಾತ್ರ ಕೊಡಿ. ಎದೆ ಒಡೆದರೆ, ಬಾವು ಬಂದರೆ, ಮಾತ್ರೆ ತಪ್ಪಿದರೆ ಅಂದೇ ಆಸ್ಪತ್ರೆಗೆ ಹೋಗಿ. ನಿಮಗೇನು ಸರಿಹೊಂದುತ್ತದೆ ಎಂದು ಅಲ್ಲಿಯೇ ಕೇಳಿ, ಪಕ್ಕದ ಹಾಸಿಗೆಯವರನ್ನಲ್ಲ.

ಅತ್ತೆಯರೇ, ಗಂಡಂದಿರೇ, ನಿಮಗೂ ಒಂದು ಮಾತು. ಅವಳು ಹೇಳಲು ಹೆದರುತ್ತಿದ್ದರೆ, ಹೇಳಬಹುದು ಎಂಬ ಧೈರ್ಯ ನಿಮ್ಮ ಮುಖದಲ್ಲಿ ಕಾಣಲಿ. ಮಾತ್ರೆ ತಾಯಿಗೆ ತಲುಪಲಿ, ಹಾಲು ಮಗುವಿಗೆ ತಲುಪಲಿ. ನಡುವೆ ಅಡ್ಡ ನಿಲ್ಲಬೇಡಿ, ಜೊತೆಗೆ ನಿಲ್ಲಿ.